ಕಂದೀಲವ್ವನ ಎಡಗಣ್ಣು

ಕಂದೀಲವ್ವ ನನಗಿಂತ ಆರು ವರ್ಷ ಚಿಕ್ಕವಳು. ಇದನ್ನು ಹೇಳಿದರೆ ನಮ್ಮ ಕೇರಿಯ ಹುಡುಗರು ನಗುತ್ತಾರೆ. ಅವರ ಲೆಕ್ಕದಲ್ಲಿ ಆಕೆ ಸಾವಿರ ವರ್ಷದ ದೇವತೆ. ಗುಡಿಗೆ ಟೈಲ್ಸ್ ಹಾಕಿಸಿ, ಕಬ್ಬಿಣದ ಗೇಟು ಇಡಿಸಿ, ಎಲ್ಲಿಂದಲೋ ಸಿಮೆಂಟಿನ ಮೂರ್ತಿ ತಂದು ಕೂರಿಸಿದ ಮೇಲೆ ಆಕೆಯ ವಯಸ್ಸು ಇನ್ನಷ್ಟು ಏರಿದೆ. ಹೋದ ಸಲ ಊರಿಗೆ ಹೋದಾಗ ಪೂಜೆ ಮಾಡುವ ಹುಡುಗ ಯಾರಿಗೋ ಆಕೆಯ ಮಹಿಮೆ ಹೇಳುತ್ತಿದ್ದ. ವನವಾಸಕ್ಕೆ ಹೊರಟ ಪಾಂಡವರಿಗೆ ದೀಪ ಹಿಡಿದು ಕೃಷ್ಣಾ ನದಿ ದಾಟಿಸಿದವಳು ಇವಳೇ ಅಂತೆ. ನಾನು ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಂಡೆ. ನಾಲಿಗೆ ತುರಿಸಿತು. ಆಕೆ ಹುಟ್ಟುವಾಗ ಬಣ್ಣದ ತೆಂಗಿನ ಚಿಪ್ಪು ಹಿಡಿದು ನಿಂತವಳು ನಾನೇ ಅಂತ ಹೇಳಿದರೆ ಮುದುಕಿಗೆ ಅರಳು ಮರಳು ಅನ್ನುತ್ತಾರೆ.

ನಮ್ಮದು ದೇವದುರ್ಗ ತಾಲೂಕು, ಗಬ್ಬೂರಿನಿಂದ ಒಂದು ಹರದಾರಿ ನಡೆಯಬೇಕು. ಊರಿನ ಹೊರಗೆ ಕೂಲಿ ಮಾಡುವವರ ಕೇರಿ. ಊರ ಗುಡಿಯ ದೇವರಿಗೆ ನಾವು ದೂರದಿಂದ ಕಳಸ ನೋಡಿ ಕೈಮುಗಿಯಬೇಕಿತ್ತು. ದೇವರ ಮುಖ ಹೇಗಿದೆ ಅಂತ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಸಾಯುವವರೆಗೂ ನೋಡಲಿಲ್ಲ. ನೋಡಬೇಕು ಅಂತ ಆಕೆಗೆ ಅನ್ನಿಸಲೂ ಇಲ್ಲ. ಕೇಳಿದರೆ, "ನನ್ನ ಮಾರಿ ಆತ ನೋಡ್ಯಾನೇನು? ಲೆಕ್ಕ ಸಮ ಆತು ಬಿಡು" ಅನ್ನುತ್ತಿದ್ದಳು.

ಅಪ್ಪ ರಾಯಚೂರಿನಲ್ಲಿ ಇರುತ್ತಿದ್ದ. ಮನೆಗಳಿಗೆ ಸುಣ್ಣ ಬಳಿಯುವ ಕೂಲಿಗೆಂದು ಹೋದವನು ತೀನ್ ಕಂದೀಲ್ ಚೌಕದ ಹತ್ತಿರದ ಒಬ್ಬ ಬೋರ್ಡ್ ಪೇಂಟರನ ಕೈಗೆ ಸಿಕ್ಕ. ಆ ಪೇಂಟರ್ ಇವನ ಕೈ ನೆಟ್ಟಗಿದೆ ಅಂತ ಕುಂಚ ಕೊಟ್ಟ. ಉರ್ದು, ತೆಲುಗು, ಕನ್ನಡ ಮೂರರಲ್ಲೂ ಅಪ್ಪ ಬೋರ್ಡು ಬರೆಯುತ್ತಿದ್ದ, ಒಂದನ್ನೂ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ದೊಡ್ಡದು ಮಾಡುವುದು ಅವನ ಕೆಲಸ. ಒಮ್ಮೆ ಒಬ್ಬ ದರ್ಜಿಯ ಚೀಟಿಯನ್ನು ತಲೆಕೆಳಗು ಹಿಡಿದು ಅರ್ಧ ಬೋರ್ಡು ಮುಗಿಸಿಬಿಟ್ಟಿದ್ದನಂತೆ. "ಅಕ್ಷರ ತಪ್ಪಿದ್ರೇನು, ಬಣ್ಣ ಸಮ ಹತ್ತಿತ್ತು ನೋಡು" ಅಂತ ನಮ್ಮ ಮುಂದೆ ಹೇಳಿ ತಾನೇ ನಗುತ್ತಿದ್ದ.

ನನಗೆ ಐದು ತುಂಬಿ ಆರು ನಡೆಯುತ್ತಿದ್ದಾಗ ಕೇರಿಗೆ ಕಾಲರಾ ಬಂತು. ಅವ್ವ ಮೂರನೆಯ ದಿನಕ್ಕೆ ಹೋದಳು. ರಾಯಚೂರಿಗೆ ಸುದ್ದಿ ಮುಟ್ಟಿ ಅಪ್ಪ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ರೋಗ ರೈಲಿನಲ್ಲಿ ಬಂದು ರಾಯಚೂರಿನಲ್ಲಿ ಇಳಿಯಿತು, ಅಲ್ಲಿಂದ ಬಸ್ಸು ಹತ್ತಿ ನಮ್ಮ ಕಡೆ ಬಂತು ಅಂತ ಜನ ಮಾತಾಡಿಕೊಂಡರು. ಅಪ್ಪನಿಗೆ ಆ ಮಾತು ನಾಟಿತು. ತಾನು ಬರುವ ಮೊದಲೇ ರೋಗ ಬಂದು ಮುಟ್ಟಿತಲ್ಲ ಅಂತ ಅವನು ಬಹಳ ದಿನ ಹಲುಬಿದ.

ಅವ್ವನ ಫೋಟೋ ಇರಲಿಲ್ಲ. ಕೂಲಿಯವರ ಹೆಂಡತಿಗೆ ಯಾರು ಫೋಟೋ ತೆಗೆಸುತ್ತಾರೆ? ನನಗೆ ಆಕೆಯ ಕೈ ನೆನಪಿತ್ತು, ಹಸಿರು ಬಳೆ ನೆನಪಿತ್ತು, ತಲೆ ಬಾಚುವಾಗ ಮೊಣಕಾಲ ನಡುವೆ ನನ್ನನ್ನು ಒತ್ತಿ ಹಿಡಿಯುತ್ತಿದ್ದದ್ದು ನೆನಪಿತ್ತು. ಮುಖ ಮಾತ್ರ ಮೊದಲನೇ ಮಳೆಗಾಲ ಮುಗಿಯುವಷ್ಟರಲ್ಲೇ ಮಸುಕಾಯಿತು. ಅದಕ್ಕಾಗಿ ನನ್ನನ್ನು ನಾನು ಬೈದುಕೊಳ್ಳುತ್ತಿದ್ದೆ, ಅಷ್ಟು ಚಿಕ್ಕ ವಯಸ್ಸಿನಲ್ಲೇ.

ಆ ವರ್ಷ ಮಹಾನವಮಿಗೆ ಅಪ್ಪ ಮೂರು ಬಣ್ಣದ ಡಬ್ಬಿ ತಂದ. ಹಬ್ಬಕ್ಕೆ ಮೊದಲು ನಮ್ಮ ಕಡೆ ಎಲ್ಲರೂ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದು ಏನಾದರೂ ಬರೆಯುವುದು ವಾಡಿಕೆ. ಹೂವು, ಗಿಳಿ, ಎತ್ತು ಬರೆಯುತ್ತಾರೆ. ನಮ್ಮ ಮನೆಯ ಹೊರಗೋಡೆ ಕೇರಿಯ ಬಯಲಿಗೆ ಮುಖ ಮಾಡಿತ್ತು. ಅಪ್ಪ ಅದರ ಮೇಲೆ ಆಳೆತ್ತರದ ಒಬ್ಬ ಹೆಂಗಸನ್ನು ಬರೆದ. ಆಕೆಯ ಹಿಂದೆ ಕೃಷ್ಣಾ ಹೊಳೆ, ಹೊಳೆಯ ಮೇಲೆ ಬ್ರಿಜ್, ಬ್ರಿಜ್ಜಿನ ಮೇಲೆ ನಿಂತ ರೈಲು. ಆಕೆಯ ಎತ್ತಿದ ಕೈಯಲ್ಲಿ ರೈಲು ಟೇಸನ್ನಿನವರು ಹಿಡಿಯುವಂಥ ಕಂದೀಲು. ಸೀರೆಗೆ ಕೆಮ್ಮಣ್ಣು, ಹೊಳೆಗೆ ಬಟ್ಟೆಗೆ ಹಾಕುವ ನೀಲಿ, ಕೂದಲಿಗೆ ದೀಪದ ಮಸಿ. ಕಂದೀಲಿನ ಗಾಜಿಗೆ ಮಾತ್ರ ಟೇಸನ್ನಿನ ಕಂಬಗಳಿಗೆ ಬಳಿದು ಉಳಿದ ಕೆಂಪು ಎಣ್ಣೆಬಣ್ಣ. ಅದು ಬಿಸಿಲಿಗೆ ನಿಜವಾಗಿ ಹೊತ್ತಿದಂತೆ ಕಾಣುತ್ತಿತ್ತು.

"ಇದು ನಿಮ್ಮವ್ವ" ಅಂತ ಅಪ್ಪ ನನ್ನ ಕಿವಿಯಲ್ಲಿ ಹೇಳಿದ. "ಯಾರ ಮುಂದೂ ಅನಬ್ಯಾಡ. ನಿನಗ ನೋಡಾಕ ಇರಲಿ ಅಂತ ಬರದೀನಿ."

ನಾನು ಯಾರಿಗೂ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಮುಖ ಬಾಯಿಪಾಠ ಮಾಡುತ್ತಿದ್ದೆ. ಲೋಕದಲ್ಲಿ ನನ್ನ ಅವ್ವನ ಮುಖ ಇದ್ದದ್ದು ಆ ಒಂದು ಗೋಡೆಯ ಮೇಲೆ.

ಕತೆ ಹುಟ್ಟಿಸಿದವನು ಅಪ್ಪನಲ್ಲ. ಕೇರಿ. ಮುಂದಿನ ವರ್ಷ ಗಬ್ಬೂರಿನ ಕಡೆ ಮತ್ತೆ ಕಾಲರಾ ಸುದ್ದಿ ಬಂತು, ನಮ್ಮ ಕೇರಿಗೆ ಮಾತ್ರ ಬರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗೋಡೆಯ ಕೆಳಗೆ ಯಾರೋ ಕಾಯಿ ಒಡೆದು ಇಟ್ಟಿದ್ದರು. ಹಬ್ಬಕ್ಕೆ ಬಂದಿದ್ದ ಅಪ್ಪ ಅದನ್ನು ನೋಡಿ ಹೆದರಿದ. "ಯವ್ವಾ, ಅದು ಬರೇ ಬಣ್ಣ ಅದ. ನಾನ ಬರದದ್ದು. ಕಾಯಿ ಒಡಿಬ್ಯಾಡ್ರಿ ಅಂತ ಹೇಳು" ಅಂದ.

ಆಯಿ ತೆಂಗಿನ ಚೂರನ್ನು ಬಾಯಿಗೆ ಹಾಕಿಕೊಂಡು, "ಊರಾಗಿನ ದೇವರು ಬರೇ ಕಲ್ಲಲ್ಲೇನಲೇ? ಅದನ್ನೂ ಯಾವನೋ ಕೂಲಿಯವನ ಕಡದಾನ" ಅಂದಳು.

ಅಲ್ಲಿಗೆ ಮುಗಿಯಿತು. ಗೋಡೆಯ ಹೆಂಗಸು ಕಂದೀಲವ್ವ ಆದಳು. ಬ್ಯಾನಿ, ಅಂದರೆ ರೋಗ, ರೈಲು ಹತ್ತಿ ಬರುತ್ತಿತ್ತಂತೆ. ಕಂದೀಲವ್ವ ಬ್ರಿಜ್ಜಿನ ಮೇಲೆ ನಿಂತು ಕೆಂಪು ಕಂದೀಲು ತೋರಿಸಿದಳಂತೆ. ರೈಲು ಗಕ್ಕನೆ ನಿಂತಿತು, ಬಾಗಿಲಲ್ಲಿ ಕುಳಿತಿದ್ದ ಬ್ಯಾನಿ ಮುಗ್ಗರಿಸಿ ಹೊಳೆಗೆ ಬಿತ್ತು. ಇದು ಗಂಡಸರು ಹೇಳುತ್ತಿದ್ದ ಕತೆ. ಹೆಂಗಸರ ಕತೆ ಬೇರೆ. ಅದರಲ್ಲಿ ಕಂದೀಲವ್ವ ತಾನೇ ಟಿಕೇಟಿಲ್ಲದೆ ರೈಲು ಹತ್ತುತ್ತಾಳೆ, ಟಿಕೇಟು ಬಾಬು ಹಿಡಿದು ಇಳಿಸುತ್ತಾನೆ, ಆಕೆ ಇಳಿದ ಮೇಲೆ ಇಂಜಿನ್ನು ಎಷ್ಟು ಕೂಗಿದರೂ ಮುಂದಕ್ಕೆ ಹೋಗುವುದಿಲ್ಲ. ಕೊನೆಗೆ ಬಾಬು ಕಾಲಿಗೆ ಬಿದ್ದು, "ಏರ್ರಿ ಯವ್ವಾ, ನಿಮ್ಮದ ರೈಲು" ಅನ್ನುತ್ತಾನೆ. ನನಗೆ ಈ ಕತೆಯೇ ಇಷ್ಟ. ನಮ್ಮ ಕೇರಿಯ ಹೆಂಗಸರಲ್ಲಿ ಮುಕ್ಕಾಲು ಪಾಲು ರೈಲು ನೋಡಿರಲಿಲ್ಲ.

ಅಪ್ಪನೂ ಹುಷಾರು. ಒಂದು ವರ್ಷ ಕೇಳಿದ ಕತೆಯನ್ನು ಮುಂದಿನ ವರ್ಷ ಚಿತ್ರದಲ್ಲಿ ಸೇರಿಸುತ್ತಿದ್ದ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಿಂದ ಬಸ್ಸುಗಳು ಓಡುತ್ತಿದ್ದವು. ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡ ಬಸ್ಸು ಕಂದೀಲವ್ವನ ವಾಹನವಾಯಿತು. ಆಕೆಯ ಹಿಂದೆ ರೇಷನ್ನಿನ ಸಾಲು ಬಂತು, ಸಾಲಿನಲ್ಲಿ ಚೀಲ ಹಿಡಿದ ಕುಂತಿ, ದ್ರೌಪದಿ. ಸರ್ಕಾರದ ಲೆವಿಗೆಂದು ಮನೆಯ ಜೋಳ ಅಳೆಸಿಕೊಂಡು ಹೋಗುವವನನ್ನು ಆಕೆಯ ಪಾದದ ಕೆಳಗೆ ಹಾಕು ಅಂತ ಜನ ದುಂಬಾಲು ಬಿದ್ದರು. ಅಪ್ಪ ತಲೆ ಓಡಿಸಿ ಅಲ್ಲಿ ರುಮಾಲು ಸುತ್ತಿದ ಒಂದು ಇಲಿ ಬರೆದ. ಯಾರಾದರೂ ಕೇಳಿದರೆ ಇಲಿ ಅಂತ ಹೇಳಬಹುದಲ್ಲ! ಗೌಡರ ಮನೆಯ ಹೆಂಗಸರು ಕೂಡ ಆಳಿನ ಕೈಯಲ್ಲಿ ಕಾಯಿ ಕಳಿಸತೊಡಗಿದರು. ತಾವು ಕೇರಿಗೆ ಬರಲಿಲ್ಲ. ಅವರ ಕಾಯಿ ಬಂತು.

ನಮ್ಮಪ್ಪ ಚಿತ್ರ ಬರೆಯುವ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ವರ್ಷ ಸುಣ್ಣ ಬಳಿಯುವ ಮೊದಲು ಅವನು ಹಳೆಯ ಚಿತ್ರದ ಗೆರೆಗುಂಟ ಜಾಲಿಮುಳ್ಳಿನಿಂದ ಗೋಡೆಗೆ ಚುಚ್ಚುತ್ತಿದ್ದ. ಮೇಲೆ ಸುಣ್ಣ ಬಿದ್ದರೂ ಆ ಸಣ್ಣ ಕುಳಿಗಳು ಬೆರಳಿಗೆ ಸಿಗುತ್ತಿದ್ದವು. ಅವುಗಳ ಮೇಲೆ ಬೆರಳಾಡಿಸುತ್ತ ಹೊಸ ಗೆರೆ ಎಳೆಯುತ್ತಿದ್ದ. ಈ ಗುಟ್ಟು ನನಗೊಬ್ಬಳಿಗೆ ಗೊತ್ತಿತ್ತು. ಮುಖ ಬರೆಯುವ ದಿನ ನನ್ನನ್ನು ಎದುರಿಗೆ, ಬೆಳಕು ಬೀಳುವ ಕಡೆ ನಿಲ್ಲಿಸಿ ಬಣ್ಣದ ತೆಂಗಿನ ಚಿಪ್ಪು ಕೈಗೆ ಕೊಡುತ್ತಿದ್ದ. ನಾನು ಅತ್ತ ಇತ್ತ ತಿರುಗಿದರೆ, "ಅಲುಗಬ್ಯಾಡಬೇ, ಬಣ್ಣ ಚೆಲ್ತದ" ಅಂತ ಗದರುತ್ತಿದ್ದ. ಅಷ್ಟು ಮಂದ ಬಣ್ಣ ಹೇಗೆ ಚೆಲ್ಲುತ್ತದೆ ಅಂತ ನಾನು ಕೇಳಲಿಲ್ಲ. ನನಗೆ ಮೂಗು ಚುಚ್ಚಿಸಿದ ವರ್ಷ ಕಂದೀಲವ್ವನಿಗೂ ಮೂಗುಬೊಟ್ಟು ಬಂತು. ಅವ್ವನಿಗೂ ಇತ್ತು ಅಂತ ಕಾಣುತ್ತದೆ, ಅಪ್ಪನಿಗೆ ಈಗ ನೆನಪಾಯಿತು ಅಂದುಕೊಂಡು ಖುಷಿಪಟ್ಟೆ.

ಕಣ್ಣು ಕೊನೆಗೆ. ಆಗ ನನ್ನನ್ನೂ ಆಚೆ ಕಳಿಸಿ ಗೋಡೆಗೆ ಕಂಬಳಿ ಇಳಿಬಿಟ್ಟು ಅಪ್ಪ ಒಬ್ಬನೇ ಬರೆಯುತ್ತಿದ್ದ. ಕಣ್ಣು ಬಿಟ್ಟ ದೇವರು ಮೊದಲು ತುಂಬಿದ್ದನ್ನು ನೋಡಬೇಕು ಅಂತ ಹೆಂಗಸರು ಮೊರದ ತುಂಬ ಜೋಳ ಹಿಡಿದು ಎದುರಿಗೆ ನಿಲ್ಲುತ್ತಿದ್ದರು. ಒಮ್ಮೆ ಕಣ್ಣು ಬರೆದರೆ ಮುಂದಿನ ಸುಣ್ಣದವರೆಗೆ ಅದನ್ನು ಒರೆಸುವಂತಿಲ್ಲ, ತಿದ್ದುವಂತಿಲ್ಲ. ಕಂಬಳಿ ಸರಿದಾಗ ಎಲ್ಲರೂ ಜೋರಾಗಿ ಕಂದೀಲವ್ವನ ಹೆಸರು ಕೂಗುತ್ತಿದ್ದರು. ಆಯಿ ಮಾತ್ರ ಗೋಡೆಯ ಹತ್ತಿರ ಹೋಗಿ ಏನೋ ಗುಣುಗುಟ್ಟಿ ಬರುತ್ತಿದ್ದಳು. ಯಾವುದೋ ಮಂತ್ರ ಅಂದುಕೊಂಡಿದ್ದೆ.

ಆ ಕಣ್ಣುಗಳಲ್ಲಿ ಒಂದು ಐಬು ಇತ್ತು. ಎಡಗಣ್ಣಿನ ಗುಡ್ಡೆ ಮೂಗಿನ ಕಡೆ ಸರಿದಿತ್ತು, ಪ್ರತಿ ವರ್ಷ ಹಾಗೇ. ಕೇರಿಯವರು ಅದಕ್ಕೂ ಕತೆ ಕಟ್ಟಿದ್ದರು. ಆಕೆಗೆ ಒಂದು ಕಣ್ಣು ಕೇರಿಯ ಮೇಲೆ, ಒಂದು ಕಣ್ಣು ಬ್ರಿಜ್ಜಿನ ಮೇಲೆ. ಎರಡೂ ಕಡೆ ಕಾಯಬೇಕಲ್ಲ! ನನಗೆ ಅದು ಕೇಳಿದಾಗೆಲ್ಲ ಸಿಟ್ಟು ಬರುತ್ತಿತ್ತು. ಅಪ್ಪನ ಕೈ ಮೊದಲ ವರ್ಷ ಜಾರಿದೆ, ಮುಳ್ಳಿನ ಕುಳಿ ಅದನ್ನೇ ಉಳಿಸಿಕೊಂಡು ಬಂದಿದೆ, ತಲೆಕೆಳಗಿನ ಬೋರ್ಡಿನ ಹಾಗೆ ಇದೂ ಒಂದು ತಪ್ಪು ಅಂತ ನಾನು ತೀರ್ಮಾನ ಮಾಡಿದ್ದೆ. ನನ್ನ ಅವ್ವನ ಮುಖಕ್ಕೆ ಮೆಳ್ಳಗಣ್ಣು ಅಂಟಿಸಿದ್ದು ಸಹಿಸಲಾಗುತ್ತಿರಲಿಲ್ಲ.

ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಡಳಿತ ಮುಗಿದ ವರ್ಷ ನನಗೆ ಹದಿನಾಲ್ಕು. ಮಾನ್ವಿಯ ಕಡೆಯಿಂದ ಗಂಡು ಗೊತ್ತಾಗಿತ್ತು, ಮಾಘದಲ್ಲಿ ಮದುವೆ. ಮಹಾನವಮಿ ಹತ್ತಿರ ಬಂದರೂ ಅಪ್ಪ ಬರಲಿಲ್ಲ. ರಾಯಚೂರಿನಲ್ಲಿ ಬೋರ್ಡು ಬದಲಿಸುವ ಹುಚ್ಚು ಎದ್ದಿತ್ತಂತೆ. ಮೊದಲು ಉರ್ದು ಮೇಲಿದ್ದದ್ದು ಈಗ ಕೆಳಗೆ ಬರಬೇಕು, ಕೆಳಗಿದ್ದದ್ದು ಮೇಲೆ ಹೋಗಬೇಕು. ಓದಲು ಬಾರದ ಅಪ್ಪನಿಗೆ ಉಸಿರು ತಿರುಗಿಸಲೂ ಪುರುಸೊತ್ತಿಲ್ಲ ಅಂತ ಬಸ್ಸಿನಲ್ಲಿ ಬಂದವರು ಹೇಳಿದರು.

ನಾನು ಐದು ದಿನ ಗಿಲ್ಲೆಸುಗೂರಿನ ಅತ್ತೆಯ ಮನೆಗೆ ಶೇಂಗಾ ಕೀಳಲು ಹೋಗಿದ್ದೆ. ಅತ್ತೆ ಅಂದರೆ ಅಪ್ಪನ ತಂಗಿ. ತಿರುಗಿ ಬಂದು ಬಯಲಿಗೆ ಕಾಲಿಟ್ಟು ನೋಡುತ್ತೇನೆ, ಗೋಡೆ ಬೋಳಾಗಿದೆ. ಸುಣ್ಣ ಬಳಿದದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಳೆಗೆ ಗೋಡೆ ಬಿರುಕು ಬಿಟ್ಟಿದೆ ಅಂತ ಆಯಿ ಕೇರಿಯ ಹೆಂಗಸರನ್ನು ಕೂಡಿಸಿ, ಹಳೆಯ ಮೇಲ್ಪದರ ಕೆರೆದು, ಮಣ್ಣು ಸಗಣಿ ಕಲಸಿ ಹೊಸದಾಗಿ ಮೆತ್ತಿ, ಮೇಲೆ ಎರಡು ಸಲ ಸುಣ್ಣ ಹೊಡೆದಿದ್ದಳು.

"ನೋಡಬೇ, ಹೆಂಗ ಮೆತ್ತೀನಿ! ಒಂದ ಕುಣಿ ಬಿಟ್ಟಿಲ್ಲ. ಕಂದೀಲವ್ವ ಈ ಸಲ ಹೊಸ ಮನಿಗೆ ಬಂದಂಗ ಬರ್ತಾಳ" ಅಂತ ಸೊಂಟಕ್ಕೆ ಕೈಕೊಟ್ಟು ನಿಂತಳು.

ನಾನು ಹೋಗಿ ಗೋಡೆಯ ಮೇಲೆ ಎರಡೂ ಅಂಗೈ ಆಡಿಸಿದೆ. ಒಂದೂ ಕುಳಿ ಸಿಗಲಿಲ್ಲ. ರೊಟ್ಟಿ ತಟ್ಟುವ ಕಲ್ಲಿನ ಹಾಗೆ ನುಣ್ಣಗಿತ್ತು. ಅವ್ವ ಇನ್ನೊಮ್ಮೆ ಸತ್ತಳು, ಈ ಸಲ ಮಣ್ಣು ಮಾಡಿದವಳು ಆಯಿ, ಅನ್ನಿಸಿತು. ಆಯಿಯ ಮೇಲೆ ಎಂಥ ಸಿಟ್ಟು ಬಂತೆಂದರೆ ಆ ದಿನ ಆಕೆ ಹಚ್ಚಿಕೊಟ್ಟ ಖಾರದ ರೊಟ್ಟಿ ತಿನ್ನಲಿಲ್ಲ. ಆಕೆಗೆ ಕಾರಣ ತಿಳಿಯಲಿಲ್ಲ, ಹೇಳಲು ನನಗೆ ಬರಲಿಲ್ಲ.

ಅಪ್ಪ ಬಂದರೂ ಇನ್ನು ಯಾವ ಗುರುತಿನ ಮೇಲೆ ಬರೆಯುತ್ತಾನೆ? ಮುಖ ಬಾಯಿಪಾಠ ಇದ್ದದ್ದು ನನಗೆ. ಮದುವೆಯಾಗಿ ಮಾನ್ವಿಗೆ ಹೋದರೆ ಅದೂ ಹೋಯಿತು. ಬರೆಯುವುದಿದ್ದರೆ ಈಗಲೇ, ನಾನೇ ಬರೆಯಬೇಕು. ಹಬ್ಬಕ್ಕೆ ನಾಲ್ಕು ದಿನವಿತ್ತು. ಅಪ್ಪನ ಹಳೆಯ ಡಬ್ಬಿಗಳನ್ನು ಇಳಿಸಿದೆ.

ಹೆಣ್ಣುಹುಡುಗಿ ಕಂದೀಲವ್ವನನ್ನು ಬರೆಯುವುದೇ ಅಂತ ಇಬ್ಬರು ಮುದುಕರು ಗೊಣಗಿದರು. ಆಯಿ ಅವರಿಗೆ, "ಹಂಗಾದ್ರ ನೀವ ಬರೀರಿ" ಅಂತ ಕುಂಚ ಚಾಚಿದಳು. ಅವರು ತಂಬಾಕು ತಿಕ್ಕುತ್ತ ಎದ್ದು ಹೋದರು.

ಇದ್ದಿಲಿನಿಂದ ಮುಖ ಬರೆದೆ, ಒರೆಸಿದೆ, ಮತ್ತೆ ಬರೆದೆ. ಸೀರೆ, ಕಂದೀಲು, ಬಸ್ಸು, ಇಲಿ ಎಲ್ಲ ಸಲೀಸಾಗಿ ಬಂದವು. ಮುಖಕ್ಕೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಏನೋ ಒಂದು ಕೂಡಿ ಬಂತು. ಹಿಂದೆ ಸರಿದು ನೋಡಿದರೆ ಅವ್ವನೇ! ಕೆನ್ನೆ ಅದೇ, ತುಟಿ ಅದೇ, ಮೂಗುಬೊಟ್ಟು ಅದೇ. ಖುಷಿಗೆ ಕಣ್ಣಲ್ಲಿ ನೀರು ಬಂತು.

ಹಬ್ಬದ ದಿನ ಹೊತ್ತೇರಿದರೂ ಅಪ್ಪನ ಸುಳಿವಿಲ್ಲ. ಹೆಂಗಸರು ಮೊರ ಹಿಡಿದು ಬಂದು ನಿಂತರು. ಕಂಬಳಿಯ ಹಿಂದೆ ನಾನು ಒಬ್ಬಳೇ. ಬಲಗಣ್ಣು ಬರೆದೆ. ಎಡಗಣ್ಣಿಗೆ ಬಂದಾಗ ಕೈ ಒಂದು ಚಣ ನಿಂತಿತು. ಗುಡ್ಡೆಯನ್ನು ಸರಿಯಾಗಿ ನಡುವೆ ಇಟ್ಟೆ. ಇಷ್ಟು ವರ್ಷ ಅಪ್ಪನಿಂದ ಆಗದ್ದನ್ನು ನಾನು ತಿದ್ದಿದೆ ಅಂತ ನನಗೆ ಕೊಂಬು ಬಂದಿತ್ತು. ಕಂಬಳಿ ಎಳೆದೆ.

ಜನ ಹೆಸರು ಕೂಗಿದರು, ಆದರೆ ಕೂಗು ಎಂದಿನ ಹಾಗೆ ಏಳಲಿಲ್ಲ. ಯಾರೋ ಮೆಲ್ಲಗೆ, "ಅವ್ವ ಬ್ರಿಜ್ಜಿನ ಕಡಿ ನೋಡೂದು ಬಿಟ್ಟಾಳಲ್ಲ" ಅಂದರು. ಆಯಿ ಗೋಡೆಯ ಹತ್ತಿರ ಹೋದಳು, ತಲೆ ಎತ್ತಿ ನೋಡಿದಳು. ಗುಣುಗುಟ್ಟಲಿಲ್ಲ. ಮೊರ ಅಲ್ಲೇ ಇಟ್ಟು ಮನೆಯೊಳಗೆ ಹೋದಳು.

ಆಮೇಲೆ ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಗಬ್ಬೂರಿನವರೆಗೂ ಯಾರದೋ ಬಂಡಿ ಏರಿ, ಅಲ್ಲಿಂದ ನಡೆದು ಬಂದಿದ್ದ. ಕಾಲು ಮೊಣಕಾಲವರೆಗೆ ಧೂಳು. ಬಯಲಿನಲ್ಲಿ ಜನ ಚದುರಿದ್ದರು. ನಾನು ಓಡಿಹೋಗಿ ಕೈ ಹಿಡಿದು ಗೋಡೆಯ ಮುಂದೆ ಎಳೆದು ತಂದೆ. "ಯಪ್ಪಾ, ಆಯಿ ಮುಳ್ಳಿನ ಗುರುತೆಲ್ಲ ಮುಚ್ಚಿಬಿಟ್ಟಾಳ. ಆದ್ರೂ ಅವ್ವನ ಮಾರಿ ಬಿಡಲಿಲ್ಲ ನೋಡು, ಇದ್ದಂಗ ಬರದೀನಿ. ಕಣ್ಣು ಸುದ್ದಾ ನೆಟ್ಟಗ ಮಾಡೀನಿ."

ಅಪ್ಪ ನೋಡಿದ. ಆಮೇಲೆ ಹೆಗಲ ಮೇಲಿನ ಚೀಲ ಇಳಿಸಿ ಗೋಡೆಗೆ ಎದುರಾಗಿ ನೆಲದ ಮೇಲೆ ಕುಳಿತ.

"ಛಲೋ ಬರದೀ" ಅಂದ. "ನನಗಿಂತ ಛಲೋ ಬರದೀ. ಆದ್ರ ಇದು ನಿಮ್ಮವ್ವನ ಮಾರಿ ಅಲ್ಲಬೇ."

"ನೀನ ಬರದದ್ದಲ್ಲ ಯಪ್ಪಾ? ಅದನ್ನ ನೋಡಿ ನೋಡಿ..."

"ಮೊದಲನೇ ಎರಡು ವರ್ಷ ಆಕಿದು. ಮೂರನೇ ವರ್ಷಕ್ಕ ಕುಂಚ ಹಿಡದ್ರ ಮಾರಿ ನೆನಪಾಗವಲ್ದು. ಎಷ್ಟು ಬಡಕೊಂಡೆ, ಬರಲಿಲ್ಲ. ಗ್ವಾಡಿ ಮ್ಯಾಲ ಮುಳ್ಳಿನ ಗುರುತು ಇದ್ವು, ಖರೆ. ಅವು ಗೆರಿ, ಮಾರಿ ಅಲ್ಲ. ಅದಕ್ಕ ನಿನ್ನ ಎದುರಿಗೆ ನಿಲ್ಲಿಸ್ಕೊಂಡೆ. ನೀ ತಾಯಿ ಹಂಗ ಇದ್ದಿ ಅಂತ ಎಲ್ಲಾರೂ ಅಂತಿದ್ರು. ವರ್ಷಾ ವರ್ಷಾ ನಿನ್ನ ಮಾರಿ ಬರದು, ಅದಕ್ಕ ಒಂದೀಟು ವಯಸ್ಸು ಹಚ್ಚೀನಿ."

ಬಣ್ಣ ಚೆಲ್ಲುತ್ತದೆ ಅಂತ ಗದರಿದ್ದು, ಮೂಗುಬೊಟ್ಟು, ಎಲ್ಲ ಒಮ್ಮೆಗೇ ತಿಳಿಯಿತು. ಆರು ವರ್ಷ ನಾನು ಬೆಳಿಗ್ಗೆ ಎದ್ದು ನನ್ನ ಮುಖವನ್ನೇ ಬಾಯಿಪಾಠ ಮಾಡಿದ್ದೆ. ಅಪ್ಪನ ಮೇಲೆ ಕೆಂಡದಂಥ ಸಿಟ್ಟು ಬಂತು. "ಹಂಗಾದ್ರ ಅವ್ವಂದು ಅನ್ನಾದು ಅಲ್ಲಿ ಏನೂ ಇದ್ದಿಲ್ಲೇನು?" ಅಂತ ಚೀರಿದೆ.

"ಇತ್ತು" ಅಂದ ಅಪ್ಪ. "ಆ ಎಡಗಣ್ಣು. ಅದೊಂದು ನಾನು ಮರೀಲಿಲ್ಲ. ನಾನು ರಾಯಚೂರಿಂದ ಬಂದು ಹೊಸ್ತಿಲ ದಾಟಿದ್ರ, ಆಕಿ ಒಂದು ಕಣ್ಣಿಲೆ ನನ್ನ ನೋಡ್ತಿದ್ಲು, ಒಂದು ಕಣ್ಣಿಲೆ ಹಂಚಿನ ಮ್ಯಾಲಿನ ರೊಟ್ಟಿ ನೋಡ್ತಿದ್ಲು. ಎರಡೂ ಕಡಿ ಕಾಯ್ತೀ ಏನಬೇ ಅಂತ ನಗಸ್ತಿದ್ದೆ."

ನನ್ನ ಅವ್ವನಿಗೆ ಮೆಳ್ಳಗಣ್ಣಿತ್ತು ಅಂತ ಯಾರೂ ನನಗೆ ಹೇಳಿರಲಿಲ್ಲ. ತಾಯಿಗೆ ಐಬಿತ್ತು ಅಂದರೆ ಮಗಳಿಗೆ ಗಂಡು ಸಿಗುವುದಿಲ್ಲ ಅಂತ ಆಯಿ ಇಡೀ ಕೇರಿಯ ಬಾಯಿಗೆ ಬೀಗ ಹಾಕಿದ್ದಳು. ಕೇರಿ ಅದನ್ನು ನುಂಗಿಕೊಂಡು, ಬ್ರಿಜ್ಜಿನ ಕತೆ ಮಾಡಿ ಹೊರಗೆ ಹಾಕಿತ್ತು. ಆಯಿ ಮಣ್ಣು ಮೆತ್ತಿ ಮುಚ್ಚಿದ್ದು ಬರೀ ನನ್ನ ಮುಖ. ಅವ್ವನದಾಗಿ ಉಳಿದಿದ್ದ ಒಂದೇ ಒಂದನ್ನು ಅಳಿಸಿದವಳು ನಾನು, ನನ್ನ ಜಾಣ ಕೈ.

ಒದ್ದೆ ಬಟ್ಟೆ ತಂದೆ. ಅಪ್ಪ ಕೈ ಹಿಡಿದ. "ಬಿಟ್ಟ ಕಣ್ಣು ಒರಸಬಾರದು. ಸುಣ್ಣದ ತನಕ ತಡಿ."

"ಬರೇ ಬಣ್ಣ ಅಂತ ನೀನ ಅಂದಿದ್ದೆಲ್ಲ?"

"ಆವಾಗ ಅಂದಿದ್ದೆ" ಅಂದ ಅಪ್ಪ.

ಒಂದು ವರ್ಷ ಕಾದೆ. ಮಾಘದಲ್ಲಿ ಮದುವೆಯಾಯಿತು, ಮಾನ್ವಿಗೆ ಹೋದೆ. ಅಲ್ಲಿ ಗಂಡನ ಮನೆಯವರು ಒಳ್ಳೆಯವರೇ, ಅವರ ಮೇಲೆ ದೂರಿಲ್ಲ. ಆದರೆ ಹಿಟ್ಟು ನಾದುವಾಗ, ಹೊಲದಲ್ಲಿ ಕಳೆ ಕೀಳುವಾಗ, ಊರಿನ ಗೋಡೆಯ ಮೇಲೆ ನನ್ನ ಮುಖ ನೆಟ್ಟಗೆ ಕಣ್ಣು ಬಿಟ್ಟುಕೊಂಡು ನಿಂತದ್ದು ನೆನಪಾಗುತ್ತಿತ್ತು. ಆ ವರ್ಷ ಕೇರಿಯಲ್ಲಿ ಏನೂ ಕೆಡುಕಾಗಲಿಲ್ಲ. ಹಾಗಿದ್ದರೂ ರೈಲು ಬರುವ ದಿಕ್ಕಿಗೆ ಯಾರೂ ನೋಡುತ್ತಿಲ್ಲ ಅಂತ ಮುದುಕಿಯರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಕೊಂಡಿದ್ದರಂತೆ. ಮುಂದೆ ನಾನು ಅಕ್ಷರ ಕಲಿತು, ಪರೀಕ್ಷೆ ಕಟ್ಟಿ, ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಎಷ್ಟೋ ವರ್ಷ ಚಿತ್ರ ಕಲಿಸಿದೆ. ಯಾವ ಮಗುವಿನ ಚಿತ್ರದಲ್ಲೂ ಕಣ್ಣು ತಿದ್ದಲಿಲ್ಲ. ಮೇಲಿನವರು ಬಂದು ನೋಡಿ, ಈ ಟೀಚರಿಗೆ ಕಲಿಸಲು ಬರುವುದಿಲ್ಲ ಅಂತ ಅಂದುಕೊಂಡಿರಬಹುದು. ಅಂದುಕೊಳ್ಳಲಿ.

ಮದುವೆಯಾದ ಮೇಲಿನ ಮೊದಲ ಮಹಾನವಮಿಗೆ ಎರಡು ದಿನ ಮೊದಲೇ ಬಂದೆ. ಅಪ್ಪನೂ ಬಂದಿದ್ದ. ನಾನೇ ಸುಣ್ಣ ಹೊಡೆದೆ, ಆ ನೆಟ್ಟ ಕಣ್ಣುಗಳ ಮೇಲೆ ಮೂರು ಸಲ. ಚಿತ್ರವೆಲ್ಲ ಮುಗಿದು ಕಂಬಳಿ ಇಳಿಬಿಟ್ಟಾಗ ಅಪ್ಪ ಹೊರಗೆ ಹೊರಟ. ನಾನು ಬಿಡಲಿಲ್ಲ. ಈ ಸಲ ಚಿಪ್ಪು ಹಿಡಿದು ನಿಂತವನು ಅವನು. ಬಲಗಣ್ಣು ಬರೆದು ಎಡಗಣ್ಣಿಗೆ ಕುಂಚ ಒಡ್ಡಿ, "ಎಷ್ಟು ಯಪ್ಪಾ?" ಅಂದೆ.

"ಒಂದೀಟು ಮೂಗಿನ ಕಡಿ."

"ಇಷ್ಟು?"

"ಇನ್ನೊಂದು ಜ್ವಾಳದ ಕಾಳಿನಷ್ಟು."

ಎಷ್ಟು ಅಂತ ಅವನಿಗೆ ಬಾಯಲ್ಲಿ ಹೇಳಲಾಗಲಿಲ್ಲ. ಚಿಪ್ಪು ಕೆಳಗಿಟ್ಟು ನನ್ನ ಕೈಯ ಮೇಲೆ ತನ್ನ ಕೈ ಇಟ್ಟ. ಕುಂಚ ಹೋಗಿ ನಿಂತ ಜಾಗದಲ್ಲಿ ಗುಡ್ಡೆ ಬರೆದೆವು. ಹಿಂದೆ ಸರಿದು ನೋಡಿದೆ. ನನ್ನ ಮುಖದೊಳಗಿಂದ ನನಗೆ ಗೊತ್ತಿಲ್ಲದ ಒಬ್ಬ ಹೆಂಗಸು ನನ್ನನ್ನೂ ನನ್ನ ಹಿಂದಿನದನ್ನೂ ಒಟ್ಟಿಗೆ ನೋಡುತ್ತಿದ್ದಳು.

ಅಪ್ಪ ಕಂಬಳಿ ಸರಿಸಿದ. ಹೆಂಗಸರು ಮೊರ ಎತ್ತಿ ಹಿಡಿದರು. ಬಯಲು ಬಿರಿಯುವ ಹಾಗೆ ಕಂದೀಲವ್ವನ ಹೆಸರು ಎದ್ದಿತು. ಆ ಗದ್ದಲದಲ್ಲಿ ಆಯಿ ಕೋಲೂರಿಕೊಂಡು ಗೋಡೆಯ ಹತ್ತಿರ ಬಂದಳು. ನಾನು ಕುಂಚ ಹಿಡಿದು ಅಲ್ಲೇ ನಿಂತಿದ್ದೆ, ಹಾಗಾಗಿ ಆಕೆ ಅಷ್ಟು ವರ್ಷ ಗುಣುಗುಟ್ಟುತ್ತಿದ್ದದ್ದು ಏನು ಅಂತ ಮೊದಲ ಬಾರಿ ಕೇಳಿಸಿತು. ಅದು ಮಂತ್ರವಲ್ಲ. ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಗದರುವ ಅತ್ತೆಯ ದನಿ.

"ಬಂದ್ಯಾ ಬೇ?" ಅಂದಳು ಆಯಿ ಆ ಎಡಗಣ್ಣನ್ನು ನೋಡುತ್ತ. "ಹೋದ ವರ್ಷ ಎಲ್ಲಿ ಹೋಗಿದ್ದಿ?"